ಮೈಕಾದ ಮೇಲಿನ ಪೊರೆ

ನನ್ನ ಗಂಡನ ಬಾಯಲ್ಲಿ ಅಬುಧಾಬಿಯ ನಮ್ಮ ಫ್ಲ್ಯಾಟ್ ಎಂದೂ ಮನೆಯಾಗಿರಲಿಲ್ಲ. ಅದು ‘ರೂಮು’. ಮದುವೆಗೆ ಮುಂಚೆ ಅಲ್ಲಿನ ಕಾರ್ಖಾನೆ ಪ್ರದೇಶ ಮುಸಫ್ಫಾದ ಕಂಪನಿಯಲ್ಲಿ ಎಂಜಿನಿಯರಾಗಿ ಸೇರಿದಾಗ ಐದಾರು ಜನರ ಜೊತೆ ರೂಮು ಹಂಚಿಕೊಂಡಿದ್ದವರು. ಆಮೇಲೆ ನಾನು ಬಂದೆ, ಮಗಳು ಹುಟ್ಟಿದಳು, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಸಂಸಾರ ಹೂಡಿದೆವು. ಬಾಯಿಯ ರೂಢಿ ಮಾತ್ರ ತಪ್ಪಲಿಲ್ಲ. ಪೇಟೆ ಕೆಲಸ ಮುಗಿದರೆ “ಯಲ್ಲಾ, ರೂಮಿಗೆ ಹೋಗೂಣು” ಎನ್ನುವರು. ‘ಮನಿ’ ಅಂದರೆ ಗದಗಿನಲ್ಲಿ ಕಟ್ಟಿಸುತ್ತಿದ್ದ ಮನೆ. “ಯಾರ ಜೋಡಿ ಶೇರಿಂಗ್‌ನ್ಯಾಗ ಅದೀರಿ?” ಎಂದು ನಾನು ಕುಟುಕಿದರೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇಷ್ಟು ವರ್ಷ ಇದೇ ನೆಲ ಒರೆಸಿದವಳು ನಾನು. ಇದು ನಮ್ಮ ಮನೆ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕೆಂಬ ಆಸೆ, ಅಷ್ಟೇ.

ರೂಮು ಅಂದಮೇಲೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಫೋಟೋಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ ಕೀಳುವಂತಿಲ್ಲ, ಸೋಫಾದ್ದು ಕೀಳುವಂತಿಲ್ಲ. ಎಲ್ಲವೂ ಒಂದು ದಿನ ಕಾರ್ಗೋದಲ್ಲಿ ಗದಗಿಗೆ ಹೋಗಬೇಕಾದ ಸಾಮಾನು, ಹೊಸದಾಗಿಯೇ ಹೋಗಬೇಕು. ಅಲ್ಲಿಯವರೆಗೆ ಸೋಫಾದ ಮೇಲೆ ಕೂತವರು ಚರಚರ ಸದ್ದು ಮಾಡುತ್ತ ಕೂರಬೇಕು.

ಇಂಥ ಮನುಷ್ಯನಿಗೆ ಒಂದು ಹುಚ್ಚು ಹತ್ತಿತು. ಹುಡುಗನಾಗಿದ್ದಾಗ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮಿನ ಅಂಗಡಿಯೊಂದಿತ್ತಂತೆ. ಆಳೆತ್ತರದ ಪೆಟ್ಟಿಗೆ, ಅದರಲ್ಲೊಂದು ಟಿವಿ, ಕೆಳಗೆ ಹಿಡಿಕೆ ಮತ್ತು ಗುಂಡಿಗಳು. ಇವರು ಆಡಿದ್ದಕ್ಕಿಂತ ಬೇರೆಯವರ ಹೆಗಲ ಮೇಲಿಂದ ಇಣುಕಿದ್ದೇ ಹೆಚ್ಚು. ಆ ಪೆಟ್ಟಿಗೆಯನ್ನು ಈಗ ತಾನೇ ಮಾಡುತ್ತೇನೆಂದು ಹೊರಟರು. ಎಲೆಕ್ಟ್ರಾ ಸ್ಟ್ರೀಟಿನಿಂದ ಹಿಡಿಕೆ, ಗುಂಡಿ ಬಂದವು. ಮುಸಫ್ಫಾದ ಬಡಗಿ ವರ್ಕ್‌ಶಾಪಿನಲ್ಲಿ ಹಲಗೆ ಕೊಯ್ಯಿಸಿ ತಂದು ಜೋಡಿಸಿದರು. ಬಾಗಿಲು ಕಳೆದುಕೊಂಡ ಕಪಾಟಿನಂತೆ ಅದು ನಮ್ಮ ಹಾಲ್‌ನಲ್ಲಿ ಬರೀ ಮೈಯಲ್ಲಿ ನಿಂತಿತು.

ಅದಕ್ಕೆ ಮೈಕಾ ಹೊದಿಸಬೇಕಿತ್ತು. ಪೂರಾ ಹೊಸ ಹಾಳೆಗಳು ನಮಗೆ ಎಟುಕುವಂತಿರಲಿಲ್ಲ. ಅದೇ ವರ್ಕ್‌ಶಾಪಿನ ಮೂಲೆಯಲ್ಲಿ ಯಾವುದೋ ಹೋಟೆಲಿನ ಕೆಲಸದಲ್ಲಿ ಮಿಕ್ಕ ತುಂಡುಗಳಿದ್ದವು. ಇವರಿಗೆ ನೀಲಿಯೇ ಆಗಬೇಕು. ಅದೃಷ್ಟಕ್ಕೆ ಎರಡೂ ಮಗ್ಗುಲಿಗೆ ಸಾಕಾಗುವಂಥ ಎರಡು ನೀಲಿ ತುಂಡು ಸಿಕ್ಕವು. ಮೈಕಾದ ಮೇಲೆ ಗೀರು ಬೀಳದಂತೆ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ಮಂಕು ಬೆಳಕಿನಲ್ಲಿ ಆ ಪೊರೆಯೊಳಗಿಂದ ಎರಡೂ ಒಂದೇ ನೀಲಿ ಕಂಡವು. ಬಡಗಿ ಬಣ್ಣ ತೋರಿಸಲೆಂದು ಪೊರೆಯ ಒಂದು ಮೂಲೆ ಎತ್ತಲು ಹೋದ. “ನಹೀ, ನಹೀ, ಖರಾಬ್ ಹೋ ಜಾಯೇಗಾ!” ಎಂದು ಇವರು ಅವನ ಕೈ ಹಿಡಿದರು. ಜೊತೆಗೆ ಹೋಗಿದ್ದ ನಾನು ಹಣೆ ಚಚ್ಚಿಕೊಂಡೆ.

ಶುಕ್ರವಾರ ಬೆಳಿಗ್ಗೆ ಹಚ್ಚುವ ಕೆಲಸ. ಹಳದಿ ಅಂಟನ್ನು ಹಲಗೆಗೂ ಮೈಕಾದ ಬೆನ್ನಿಗೂ ಬಳಿದು, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ಎರಡೂ ಒಮ್ಮೆ ತಾಗಿದರೆ ಖಲಾಸ್, ಸರಿಸಲಿಕ್ಕೆ ಬರುವುದಿಲ್ಲ. ಅದಕ್ಕೇ ನಡುವೆ ಕಡ್ಡಿಗಳನ್ನಿಟ್ಟು ಹಾಳೆಯನ್ನು ಅದರ ಮೇಲೆ ಹೊಂದಿಸಿಕೊಂಡು, ಒಂದೊಂದೇ ಕಡ್ಡಿ ಎಳೆಯುತ್ತ ಬರಬೇಕು. ಕಡ್ಡಿ ಎಲ್ಲಿ? ಎದುರು ಫ್ಲ್ಯಾಟಿನ ಮಂಗಳೂರಿನ ನರ್ಸಮ್ಮನ ಬಾಗಿಲು ಬಡಿದೆ. ಊರಿಂದ ತಂದ ತೆಂಗಿನ ಕಡ್ಡಿಯ ಪೊರಕೆಯನ್ನೇ ಕೈಗಿತ್ತರು. “ಕಡ್ಡಿ ಎಷ್ಟು ಬೇಕಾದ್ರೂ ತೆಗೀರಿ ಮಾರಾಯ್ರೆ, ಆದ್ರೆ ನನ್ನ ಹಿಡಿಸೂಡಿ ವಾಪಸ್ ಕೊಡಿ.”

ಇವರು ಒಂದು ತುದಿ ಹಿಡಿದರು, ನಾನೊಂದು ತುದಿ, ಮಗಳು ಕಡ್ಡಿ ಎಳೆದಳು. ಗಾಳಿ ಸಿಕ್ಕಿಕೊಳ್ಳದಂತೆ ಒತ್ತಿ ಉಜ್ಜಲು ಏನಾದರೂ ಉರುಟಾದದ್ದು ಬೇಕೆಂದು ನನ್ನ ಲಟ್ಟಣಿಗೆಗೇ ಕೈಹಾಕಿದರು. “ಚಪಾತಿಗೆ ಅಂಟಿನ ವಾಸನಿ ಬಂದ್ರ ನೀವ ತಿನ್ನಬೇಕು, ನೋಡ್ರಿ” ಎಂದೆ. ಅವರಿಗೆ ಕೇಳಿಸಲೇ ಇಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕೂಸಿಗೆ ಎಣ್ಣೆ ತಿಕ್ಕುವವರ ಹಾಗೆ ಹಗುರವಾಗಿ ಉಜ್ಜುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಹೇಳಲಿಲ್ಲ, ಹೇಳಿದ್ದರೆ ಉಬ್ಬಿಹೋಗುತ್ತಿದ್ದರು.

ಪೆಟ್ಟಿಗೆ ಬೆಳಗಿತು, ಕೂಗಿತು, ಅಪ್ಪ ಮಗಳು ಮುಗಿಬಿದ್ದು ಆಡಿದರು. ಪೊರೆ ಮಾತ್ರ ಹಾಗೇ ಉಳಿಯಿತು. “ಅಪ್ಪಾ, ಇಟ್ ಹ್ಯಾಸ್ ಕ್ಯಾಟರಾಕ್ಟ್” ಎಂದಳು ಮಗಳು. “ಊರಾಗ, ಮನಿಗೆ ಹೋದ ಮ್ಯಾಲೆ ತಗಿಯೂಣು” ಎಂದರು. ಮನಿಗೆ ಹೋದ ಮೇಲೆ! ಆ ರಾತ್ರಿಯ ಸಾರಿಗೆ ಉಪ್ಪು ಬೇಕೆಂದೇ ಕಮ್ಮಿ ಹಾಕಿದೆ.

ಬೇಸಿಗೆ ರಜೆಗೆ ಎ.ಸಿ. ಆರಿಸಿ ಊರಿಗೆ ಹೋದೆವು. ತಿರುಗಿ ಬಂದು ಬಾಗಿಲು ತೆಗೆದರೆ ಒಳಗೆ ಬಟ್ಟಿಯ ಸೆಕೆ. ಪೊರೆ ಅಂಚಿನಲ್ಲಿ ಸುರುಟಿಕೊಂಡು ಮೈಯೆಲ್ಲ ಗುಳ್ಳೆ ಎದ್ದಿತ್ತು. ಇವರು ಚೀಲ ಇಳಿಸುವ ಮುಂಚೆಯೇ ಪೆಟ್ಟಿಗೆಯ ಮುಂದೆ ಕುಕ್ಕರಿಸಿದರು. ಎಳೆದರೆ ಉಗುರಿನಷ್ಟು ಹರಿದು ಬರುತ್ತದೆ, ಮಿಕ್ಕಿದ್ದು ಬಿಡುವುದಿಲ್ಲ. “ಇನ್ನೊಂದ್ ವರ್ಷ ಬಿಟ್ಟಿದ್ರ ಇದು ಬರ್ತಾನ ಇರಲಿಲ್ಲ” ಎಂದರು, ತಮಗೇ ಹೇಳಿಕೊಳ್ಳುವವರ ಹಾಗೆ. ನಾನು ಕೂದಲು ಒಣಗಿಸುವ ಯಂತ್ರವನ್ನೂ ಕೊಬ್ಬರಿ ಎಣ್ಣೆಯನ್ನೂ ತಂದುಕೊಟ್ಟೆ. ಬಿಸಿ ಮಾಡುತ್ತ, ಎಣ್ಣೆ ಹಚ್ಚಿ ಒರೆಸುತ್ತ, ಮೂವರೂ ಕೆರೆಯುತ್ತ ಕೂತೆವು.

ಪೂರ್ತಿ ಕಿತ್ತ ಮೇಲೆ ನೋಡಿದರೆ ಒಂದು ಮಗ್ಗುಲು ನವಿಲಿನ ಕೊರಳಿನ ನೀಲಿ, ಇನ್ನೊಂದು ಅಪ್ಪಟ ಹಸಿರು. ಮಗಳು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕಳು. ಇವರು ಒಂದು ಸಲ ಆ ಕಡೆ ಹೋಗಿ ನಿಂತರು, ಒಂದು ಸಲ ಈ ಕಡೆ. ಕಿತ್ತು ಬಿಸಾಡಿಯೇಬಿಡುತ್ತಾರೇನೋ ಎಂದು ನನಗೆ ಹೆದರಿಕೆ. ಅವರೂ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಾರನೆಯ ದಿನ ಫ್ರಿಜ್ಜಿನ ಬಾಗಿಲೂ ಬೋಳಾಗಿತ್ತು.

ಆ ಶುಕ್ರವಾರ ಗದಗಿನಿಂದ ಅತ್ತೆಯವರ ಫೋನ್ ಬಂತು. ಸ್ಪೀಕರಿಗೆ ಹಾಕಿದರು.

“ಗೌಂಡಿ ಬಂದಾನಪಾ. ಮ್ಯಾಲಿನ ಖೋಲ್ಯಾಗ ನಿನ್ನ ಆಟದ ಪೆಟಿಗಿಗೆ ಪ್ಲಗ್ ಎಲ್ಲಿ ಇಡ್ಲಿ ಅಂತ ಕೇಳಾಕತ್ತಾನ.”

“ಬ್ಯಾಡ ಬಿಡವ್ವಾ. ಅದು ಮನ್ಯಾಗ ಇರತೈತಿ.”

“ಮನ್ಯಾಗ ಇಡಾಕ ಕೇಳಾಕತ್ತೀನೋ!”

“ಆ ಮನಿ ಅಲ್ಲವ್ವಾ.” ಅವರು ತಡೆದರು, ನನ್ನ ಕಡೆ ನೋಡಲಿಲ್ಲ. “ಇಲ್ಲಿ. ನಮ್ಮ ಮನ್ಯಾಗ.”

ಮುದುಕಿಗೆ ಬೇಜಾರಾಯಿತೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಅತ್ತೆಯವರ ದನಿ ಬಂತು.

“ಹಂಗಾರ ಹಾಲು ಉಕ್ಕಿಸೀರೇನು?”

ಇವರು ಫೋನ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಹಾಲು ಐತೇನು?”

ಇತ್ತು. ನಾನು ಪಾತ್ರೆ ತೊಳೆದು ಒಲೆಯ ಮೇಲಿಟ್ಟೆ.