ಕೆಂಪು ವೈರು ಸುತ್ತಿದ ಬುತ್ತಿ

ಮೊದಲು ಎಡಗೈ ಜುಮ್ಮೆಂದಿತು. ಆಮೇಲೆ ಉಸಿರು ಅರ್ಧಕ್ಕೇ ನಿಂತಿತು. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಗಿಣಿಗೇರಾ ಇನ್ನೂ ಎರಡು ಕಿಲೋಮೀಟರ್ ಇತ್ತು. ನನ್ನ ಬಸ್ಸಿನ ಪ್ರಯಾಣಿಕರೆಲ್ಲ ರಸ್ತೆ ಬದಿಯಲ್ಲಿ ನಿಂತು ನಗುತ್ತಿದ್ದರು. ನಾನೊಬ್ಬಳೇ ಮೈಲಿಗಲ್ಲಿಗೆ ಒರಗಿ ಕುಸಿದಿದ್ದೆ.

ನಾನು ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಕೊಪ್ಪಳ–ಗಂಗಾವತಿ ದಾರಿ. ಚಿಲ್ಲರೆ ಜಗಳದಲ್ಲಿ ನನ್ನನ್ನು ಗೆದ್ದವರು ಈ ದಾರಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂಥವಳು ಒಂದು ಊಟದ ಡಬ್ಬಿಗೆ ಸೋತೆ.

ನಮ್ಮ ಕಡೆ ಬುತ್ತಿ ಒಂಟಿಯಾಗಿ ಬಸ್ಸು ಹತ್ತುತ್ತದೆ. ಮನೆಯವರು ರೊಟ್ಟಿ ಕಟ್ಟಿ ಕಂಡಕ್ಟರ್ ಕೈಗೆ ಕೊಡುತ್ತಾರೆ, ಇಳಿಯುವ ಊರಲ್ಲಿ ಉಣ್ಣುವವರು ಬಂದು ಇಸಿದುಕೊಳ್ಳುತ್ತಾರೆ. ಚೀಟಿ ಇಲ್ಲ, ರಸೀದಿ ಇಲ್ಲ. ಭಾಗ್ಯನಗರದ ಶಂಕ್ರವ್ವನ ಬುತ್ತಿ ಹೀಗೆ ಆರು ವರ್ಷ ನನ್ನ ಜೊತೆ ಬಂದಿದೆ. ಆಕೆಯ ಮಗ ಮಂಜಣ್ಣ ಗಿಣಿಗೇರಾದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅವನು ನಸುಕಿನ ಶಿಫ್ಟಿಗೆ ಹೊರಡುವ ಹೊತ್ತಿಗೆ ರೊಟ್ಟಿ ಆಗಿರುವುದಿಲ್ಲ.

ಆ ವಾರ ದೂರದ ದೊಡ್ಡ ಊರೊಂದರಲ್ಲಿ ಯಾರೋ ಬಿಟ್ಟುಹೋದ ಬ್ಯಾಗು ಸಿಡಿದಿತ್ತು. ಟಿವಿಯಲ್ಲಿ ಮೂರು ದಿನ ಅದೇ ಹೊಗೆ, ಅದೇ ಒಂಟಿ ಚಪ್ಪಲಿಗಳು. ಡಿಪೋದಲ್ಲಿ ಸಾಹೇಬರು ಸುತ್ತೋಲೆ ಓದಿದರು: ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಜನರನ್ನು ಇಳಿಸಿ, ಪೊಲೀಸರಿಗೆ ತಿಳಿಸಿ. ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಬುತ್ತಿ ತರಬೇಡಿ ಎಂದು ಎಲ್ಲರಿಗೂ ಹೇಳಿದೆ. ಶಂಕ್ರವ್ವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಮರುದಿನ ನಾನು ಕಂಟ್ರೋಲರ್ ಕೋಣೆಯಲ್ಲಿ ಸಹಿ ಹಾಕುತ್ತಿದ್ದಾಗ ಆಕೆ ಬಂದು, ಬಸ್ಸು ಬಿಟ್ಟೀತೆಂಬ ಗಡಿಬಿಡಿಯಲ್ಲಿ, ಡಬ್ಬಿಯನ್ನು ಹಿಂದಿನ ಸೀಟಿನ ಕೆಳಗೆ ಇಟ್ಟು ಹೋಗಿದ್ದಳು. ಡಬ್ಬಿಯ ಕ್ಲಿಪ್ಪು ಮುರಿದಿತ್ತಂತೆ. ಮಗನ ಸಾಮಾನಿನ ಚೀಲದಲ್ಲಿ ಸಿಕ್ಕ ವೈರನ್ನೇ ಬಿಗಿಯಾಗಿ ಸುತ್ತಿದ್ದಳು.

ಕೆಂಪು ವೈರು.

ಗಿಣಿಗೇರಾ ಹತ್ತಿರ ಟಿಕೆಟ್ ಕೊಡುತ್ತ ಹಿಂದೆ ಹೋದಾಗ ಅದು ಕಣ್ಣಿಗೆ ಬಿತ್ತು. "ಇದು ಯಾರದ್ರೀ?" ಎಂದೆ. ಯಾರೂ ನಮ್ಮದೆನ್ನಲಿಲ್ಲ. ಆ ವೈರಿನೊಳಗೆ ಡಬ್ಬಿಯ ಗುರುತು ನನಗೂ ಹತ್ತಲಿಲ್ಲ. ನಾನು ಚೀರಿದ ಚೀರಿಗೆ ಡ್ರೈವರ್ ಬ್ರೇಕ್ ಒತ್ತಿದ. ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಒಬ್ಬ ಅಜ್ಜನ ಮೊಣಕಾಲು ತರಚಿತು. ಪೊಲೀಸರು ಬಂದು, ಬಹಳ ಹೊತ್ತು ಪರೀಕ್ಷಿಸಿ, ಕೊನೆಗೆ ಮುಚ್ಚಳ ತೆಗೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ.

"ಗುಡ್ಡ ಅಗದು ಇಲಿ ಹಿಡದಂಗಾತು ನೋಡ್ರಿ ಮೇಡಂ," ಎಂದು ಡ್ರೈವರ್ ನಕ್ಕ. ಎಲ್ಲರೂ ನಕ್ಕರು. ಆಗಲೇ ನನ್ನ ಕೈ ಜುಮ್ಮೆಂದದ್ದು.

ದವಾಖಾನೆಯಲ್ಲಿ ಇಸಿಜಿ ಮಾಡಿದರು. ರಕ್ತ ತೆಗೆದರು. ಡಾಕ್ಟರಮ್ಮ ಕಾಗದ ತೋರಿಸಿದರು. "ಇಸಿಜಿ ನಾರ್ಮಲ್ ಐತ್ರಿ. ಇದು ಪ್ಯಾನಿಕ್ ಅಟ್ಯಾಕ್."

"ಹಂಗಾರ ನಂದು ನಾಟಕೇನ್ರಿ?"

"ನಾಟಕ ಅಲ್ರಿ. ನಿಮ್ಮ ಎದಿ ಖರೇನ ಬಡಕೊಂಡೈತಿ. ಅಂಜಿಕಿ ಮೈಯಾಗ ಕುಂತೈತಿ, ಎಬ್ಬಸಾಕ ದಿನ ಹಿಡೀತಾವು."

ಮೈಯಲ್ಲಿ ಕೂತದ್ದು ಮನೆಯಲ್ಲೂ ಕೂತಿತು. ಕುಕ್ಕರ್ ಸೀಟಿ ಹಾಕಿದರೆ ಜೀವ ಬಾಯಿಗೆ ಬರುತ್ತಿತ್ತು. ಮಲಗುವ ಮುಂಚೆ ಮಂಚದ ಕೆಳಗೆ ನೋಡುತ್ತಿದ್ದೆ. ನೋಡಿ, ನಾಚಿ, ಮತ್ತೊಮ್ಮೆ ನೋಡುತ್ತಿದ್ದೆ. ನನ್ನ ಗಂಡ ವೀರೇಶ ಹೊಲಿಗೆ ಅಂಗಡಿ ನಡೆಸುವವರು, ಮಾತು ಕಡಿಮೆ. ಅವರು ಕುಕ್ಕರನ್ನು ಅಟ್ಟಕ್ಕೆ ಹಾಕಿದರು. ಒಂದೂವರೆ ತಿಂಗಳು ಪಾತ್ರೆಯಲ್ಲೇ ಬೇಳೆ ಬೇಯಿಸಿದರು, ಅದೂ ಅರ್ಧ ಬೆಂದ ಬೇಳೆ. ಅದನ್ನು ಉಣ್ಣುತ್ತ ಒಂದು ಸಲ ಅತ್ತುಬಿಟ್ಟೆ. ಉಪ್ಪು ಹೆಚ್ಚಾಯಿತೇನೋ ಎಂದು ಅವರು ಗಾಬರಿಯಾದರು.

ಡಿಪೋದಲ್ಲಿ ನನಗೆ ಬಾಂಬ್ ಮೇಡಂ ಎಂದು ಹೆಸರು ಬಿದ್ದಿತ್ತು. ಅದು ಹೋಗಲಿ. ಬೇರೆಯವರಿಗೆ ಹೆಸರಿಡುವುದರಲ್ಲಿ ನಾನೇನು ಕಡಿಮೆ? ಚಿಂತೆ ಬೇರೆಯದಿತ್ತು. ರಜೆ ಮುಗಿಯುತ್ತಿತ್ತು. ಮತ್ತೆ ಬಸ್ಸು ಹತ್ತಬೇಕು, ಇಲ್ಲವೇ ಡಿಪೋದ ಕುರ್ಚಿ ಕೇಳಬೇಕು. ಕುರ್ಚಿ ಕೇಳಿದರೆ ನನ್ನ ದಾರಿ ನನಗೆ ಇನ್ನಿಲ್ಲ. ಡಾಕ್ಟರಮ್ಮ ಹೇಳಿದಂತೆ ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತು ನಿಮಿಷ ಕುಳಿತೆ. ಒಂದು ದಿನ ನಿಂತ ಬಸ್ಸು ಹತ್ತಿದೆ. ಯಾರೋ ಸೀಟು ಹಿಡಿಯಲು ಕಿಟಕಿಯಿಂದ ಬ್ಯಾಗು ಎಸೆದರು. ಇಳಿದು ಬಂದು ಗೋಡೆ ಹಿಡಿದು ವಾಂತಿ ಮಾಡಿದೆ.

ಆದರೂ ಡ್ಯೂಟಿಗೆ ಹೋದೆ. ಟಿಕೆಟ್ ಮಷೀನು ಹಿಡಿದು ಬಸ್ಸು ಹತ್ತಿದೆ. ಹಿಂದಿನ ಸೀಟಿನ ಕಡೆ ನೋಡಿದರೆ, ಡಬ್ಬಿ ಇದ್ದ ಜಾಗದ ಮೇಲೇ ಶಂಕ್ರವ್ವ ಕುಳಿತಿದ್ದಳು. ತೊಡೆಯ ಮೇಲೆ ಹೊಸ ಡಬ್ಬಿ.

"ಆಧಾರ್ ತಂದೀನವ್ವಾ, ಫ್ರೀ ಟಿಕೆಟ್ ಕೊಡು. ಈ ಬುತ್ತಿಗೆ ವಾರಸುದಾರ್ತಿ ನಾನ ಅದೀನಿ."

"ಮಂಜಣ್ಣಗ ಕೊಡಾಕ ಹೊಂಟೀರೇನ್ರಿ?"

"ಅಂವಗ ಕ್ಯಾಂಟೀನ್ ಊಟ ಸೇರೇತಿ. ಇದು ನಿಂದು." ಮುಚ್ಚಳ ತೆಗೆದು ಒಂದೊಂದೇ ರೊಟ್ಟಿ ಎತ್ತಿ ತೋರಿಸಿದಳು. "ನನ್ನ ವೈರಿನಿಂದ ನಿನಗ ಅಂಜಿಕಿ ಬಂತು. ಅದು ಹೋಗೂ ತನಕ ಇಲ್ಲೇ ಕುಂದರ್ತೀನಿ."

ನಾಳೆ ಹೇಳೋಣವೆಂದು ಬಿಟ್ಟವಳು ನಾನು. ತಪ್ಪು ನನ್ನದು ಅನ್ನಬೇಕಿತ್ತು. ಟಿಕೆಟ್ ಕೊಟ್ಟೆ.

ಹತ್ತು ದಿನ ಹಾಗೇ ಬಂದಳು. ಗಂಗಾವತಿ ತನಕ, ಮತ್ತೆ ವಾಪಸ್. ಡಾಕ್ಟರಮ್ಮ ಕೊಟ್ಟ ಮಾತ್ರೆ ಇನ್ನೂ ಇದೆ. ಸುತ್ತೋಲೆಯೂ ಇದೆ, ಇರಲಿ. ಒಂಟಿ ಬುತ್ತಿ ಈಗ ಯಾರೂ ತರುವುದಿಲ್ಲ. ಕೈ ಖಾಲಿ ಇದ್ದಾಗ ಆ ಬುತ್ತಿಗಳು ನೆನಪಾಗಿ ಬೇಸರವಾಗುತ್ತದೆ.

ನಿನ್ನೆ ಶಂಕ್ರವ್ವ ಬರಲಿಲ್ಲ. ಮೊಣಕಾಲು ಬಾತಿದೆಯಂತೆ. ಹಿಂದಿನ ಸೀಟಿನ ತನಕ ಒಬ್ಬಳೇ ಹೋದೆ. ಬಗ್ಗಿ ಕೆಳಗೆ ನೋಡಿದೆ. ಎದೆ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಟಿಕೆಟ್ ಕೊಡುತ್ತಲೇ ಇದ್ದೆ.

ಸಂಜೆ ಮನೆಗೆ ಬಂದು ಅಟ್ಟದಿಂದ ಕುಕ್ಕರ್ ಇಳಿಸಿದೆ. ವೀರೇಶ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಮೂರು ಸೀಟಿ ಆಗುವ ತನಕ ಒಲೆಯ ಮುಂದೆ ನಿಂತಿದ್ದೆ. ಆಮೇಲೆ ಬೇಳೆ ಸಾರು, ಅನ್ನ ಡಬ್ಬಿಗೆ ಹಾಕಿಕೊಂಡು ಶಂಕ್ರವ್ವನ ಮನೆಗೆ ಹೋದೆ.