ಗರಗಸಮ್ಮ ಒಡೆದು ನೋಡಿದ ಜಿಗ್ಗು

ಬಡಗಿ ಕೆಲಸಕ್ಕೆ ಇಳಿದ ಮೇಲೆ ಅವಳ ಸ್ವಂತ ಹೆಸರು ಯಾರಿಗೂ ಬೇಕಾಗಲಿಲ್ಲ. ಎಲ್ಲರಿಗೂ ಅವಳು ಗರಗಸಮ್ಮ. ಬಾಗಿಲ ಅಳತೆ ತೆಗೆಯುವಾಗ ಸೊಂಟಕ್ಕೆ ಕೈ ಹಾಕಿದ ಮೇಸ್ತ್ರಿಯೊಬ್ಬನ ಮೂಗನ್ನು ಕೊಡತಿಯಿಂದ ಅಪ್ಪಚ್ಚಿ ಮಾಡಿದವಳು. ಗಂಡ ಅವಳ ಶೆಡ್ಡಿನಲ್ಲೇ ಪಾಲಿಶ್ ಹೊಡೆಯುತ್ತಿದ್ದ, ಬಾಯಿಲ್ಲದ ಪ್ರಾಣಿ.

ಮೈದುನನದು ಹಾರ್ಡ್‌ವೇರ್ ಅಂಗಡಿ. ಹೊಸ ಉಪಕರಣ ಯಾವುದೇ ಬರಲಿ, ಮೊದಲು ಅತ್ತಿಗೆಯ ಕೈಗೆ. "ನಮ್ಮತ್ತಿಗೆ ಮುರೀಲಿಲ್ಲ ಅಂದ್ರೆ ಇನ್ಯಾರೂ ಮುರಿಯಲ್ಲ ಸಾರ್" ಎಂದು ಹೇಳಿಯೇ ಮಾರುತ್ತಿದ್ದ.

ಆ ಸಲ ತಂದದ್ದು ಓರೆ ತೂತಿನ ಜಿಗ್ಗು. ಅದನ್ನು ಹಲಗೆಗೆ ಬಿಗಿದು, ಅದರ ಓರೆ ಕೊಳವೆಯೊಳಗೆ ಡ್ರಿಲ್ ಇಳಿಸಿದರೆ ಹಲಗೆಯಲ್ಲಿ ಓರೆಯಾಗಿ ತೂತು ಬೀಳುತ್ತದೆ. ಅಲ್ಲಿ ಸ್ಕ್ರೂ ಬಿಗಿದರೆ ಎರಡು ಹಲಗೆಗಳು ಕಚ್ಚಿಕೊಳ್ಳುತ್ತವೆ. ಮುಂದೆ ನಿಂತವನಿಗೆ ಸ್ಕ್ರೂ ಕಾಣುವುದಿಲ್ಲ. ಉಕ್ಕಿನ ಜಿಗ್ಗುಗಳು ದುಬಾರಿ. ಇದು ನೀಲಿ ಪ್ಲಾಸ್ಟಿಕ್ಕಿನದು, ಅಗ್ಗ.

ಮೆತ್ತನೆ ಮರದಲ್ಲಿ ಒಂದು ಮೂಲೆ ಕೂಡಿಸಿ ಗರಗಸಮ್ಮ ದೊಡ್ಡ ಸುತ್ತಿಗೆ ಬೀಸಿದಳು. ಹಲಗೆ ಸೀಳಿ ಚೂರು ಗೋಡೆಗೆ ಹಾರಿತು, ಜೋಡಣೆ ಬಿಡಲಿಲ್ಲ.

"ಪರವಾಗಿಲ್ಲ ಕಣೋ, ನಾಯಿ ಕಚ್ಚಿದ ಹಾಗೆ ಕಚ್ಚತ್ತೆ."

ಮೈದುನನ ಮುಖ ಅರಳಿತು. ಆಮೇಲೆ ಅವಳು ಗಟ್ಟಿ ಮರ ತೆಗೆದುಕೊಂಡಳು. ಬೇಕಾದ ಆಳಕ್ಕೆ ನಿಲ್ಲಲೆಂದು ಡ್ರಿಲ್ಲಿನ ಕೊರೆಯುವ ಕಡ್ಡಿಯಾದ ಬಿಟ್ಟಿನ ಕೊರಳಿಗೆ, ಜಿಗ್ಗಿನ ಡಬ್ಬಿಯಲ್ಲೇ ಬರುವ ಒಂದು ಬಳೆ ಬಿಗಿದಿರುತ್ತಾರೆ. ಗಟ್ಟಿ ಮರ ಕೊರೆಯುವಾಗಿನ ಅದುರಾಟಕ್ಕೆ ಬಳೆಯ ತಿರುಪು ಸಡಿಲಾಯಿತು. ಬಿಟ್ ನಿಲ್ಲದೆ ಹಲಗೆಯ ತುದಿಯನ್ನು ಒಡೆದುಕೊಂಡು ಹೊರಬಂತು. ಅಲ್ಲಿ ಒತ್ತಿ ಹಿಡಿದಿದ್ದ ಅವಳ ಎಡ ಅಂಗೈಯೊಳಗೆ ಹೊಕ್ಕು ಮಾಂಸ ಸುತ್ತಿಕೊಂಡಿತು.

ಹಲ್ಲು ಕಚ್ಚಿ, ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿ, ಅವಳೇ ಬಿಟ್ಟನ್ನು ಹೊರಗೆಳೆದಳು. ಮರದ ಹೊಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಗಂಡ ಓಡಿ ಬಂದು ಬಟ್ಟೆ ಸುತ್ತಿದ.

"ನೀವೇ ಸರಿಯಾಗಿ ಹಿಡೀಲಿಲ್ಲ ಅತ್ತಿಗೆ," ಎಂದ ಮೈದುನ. "ಯಾರ ಹತ್ರನೂ ಬಾಯಿ ಬಿಡ್ಬೇಡಿ. ಗೋಡೌನ್ ತುಂಬ ತರಿಸಿಬಿಟ್ಟಿದ್ದೀನಿ."

"ಹಂಗಾ? ಬಾ, ನೀನು ಹಿಡ್ಕೋ. ನಾನು ಕೊರೀತೀನಿ."

ಅವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ನೋಡಿದ್ದೇ ಅವಳ ಪಿತ್ತ ನೆತ್ತಿಗೇರಿತು. ಮೊಣಕೈಯಿಂದ ಅವನ ಎದೆಗೆ ಗುದ್ದಿ ಮೇಜಿಗೆ ಕೆಡವಿದಳು, ಅವನ ಅಂಗೈಯನ್ನು ಹಲಗೆಯ ತುದಿಗೆ ಅದುಮಿದಳು, ಡ್ರಿಲ್ ಶುರು ಮಾಡಿದಳು.

"ಹಿಡಿಯೋ! ಮಾರೋ ಕೈಯಲ್ಲೇ ಹಿಡಿ!"

"ಬಿಡೇ, ರಾಕ್ಷಸಿ!" ಇಷ್ಟು ವರ್ಷ 'ನೀವು' ಎಂದವನು ಕೈಗೆ ಸಿಕ್ಕ ಮರದ ರೀಪನ್ನು ಎತ್ತಿ ಅವಳ ಕಿವಿಯ ಮೇಲೆ ಬಾರಿಸಿದ. ಅವಳು ಕುಸಿದಳು.

ಆಗ ಬಾಯಿಲ್ಲದ ಗಂಡ ತಮ್ಮನ ಮೇಲೆ ಹಾರಿದ. ನೆಲಕ್ಕೆ ಕೆಡವಿ, ಎದೆಯ ಮೇಲೆ ಕೂತು, ಎರಡೂ ಕೈಗಳಿಂದ ಕುತ್ತಿಗೆ ಹಿಸುಕಿದ. ತಮ್ಮನ ಹಿಮ್ಮಡಿಗಳು ಹೊಟ್ಟನ್ನು ಕೆದರಿದವು, ಕಣ್ಣು ಮೇಲಾದವು.

"ಬಿಡ್ರೀ! ಸತ್ತೋಗ್ತಾನೆ!" ಗರಗಸಮ್ಮ ತೆವಳಿ ಬಂದು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡದಿದ್ದಾಗ ಅವನ ಮಣಿಕಟ್ಟು ಕಚ್ಚಿದಳು. ಕೊನೆಗೆ ಕೈ ಸಡಿಲಾಯಿತು. ಮೈದುನ ಉಸಿರಿಗೆ ಒದ್ದಾಡುತ್ತ, ಅಂಬೆಗಾಲಲ್ಲೇ ಬಾಗಿಲು ದಾಟಿ ಬೀದಿಗೆ ಬಿದ್ದ.

ಮಾರನೆಯ ದಿನ ಅವಳು ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಅಂಗಡಿಗೆ ಹೋದಳು. ಡಬ್ಬಿ ಡಬ್ಬಿಯಿಂದ ಬಳೆಗಳನ್ನು ಹೆಕ್ಕಿ ಬೀದಿಗೆ ಸುರಿದು, ಗಿರಾಕಿಗಳ ಮುಂದೆಯೇ ಸುತ್ತಿಗೆಯಿಂದ ಜಜ್ಜಿದಳು. "ಜಿಗ್ಗು ತಗೊಳ್ಳಿ. ಬಳೆ ಬೇರೆ ಕಡೆ ಗಟ್ಟಿಯಾದ್ದು ನೋಡಿ ತಗೊಳ್ಳಿ. ತುದೀಲಿ ಕೈ ಇಡ್ಬೇಡಿ." ಕುತ್ತಿಗೆಗೆ ಟವೆಲು ಸುತ್ತಿಕೊಂಡಿದ್ದ ಮೈದುನ ಗಲ್ಲಾ ಬಿಟ್ಟು ಏಳಲಿಲ್ಲ.

ಎರಡು ಮನೆಗಳ ನಡುವೆ ಮಾತು ನಿಂತಿತು. ಅವಳ ಒಂದು ಕಿವಿ ಹೋಯಿತು, ಎಡಗೈ ಕಿರುಬೆರಳು ಇಂದಿಗೂ ಮಡಚುವುದಿಲ್ಲ, ಕೆಲಸ ನಿಂತಿಲ್ಲ. ಗಂಡ ಮಾತ್ರ ಮೊದಲಿನಂತಿಲ್ಲ. ಶೆಡ್ಡಿನಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಬ್ರಷ್ಷು ಕೆಳಗಿಟ್ಟು, ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಹೋಗಿಬಿಡುತ್ತಾನೆ.