ಮನೆ ತಣ್ಣಗಿಡುವ ಗಯಾಸ್

ಯಲಹಂಕದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎ.ಸಿ. ಮೆಕ್ಯಾನಿಕ್ ಗಯಾಸ್ ಚೀಲ ಹೆಗಲಿಗೇರಿಸಿ ದೊಡ್ಡಮುನಿಯಪ್ಪನವರ ಮನೆಯ ಮೆಟ್ಟಿಲು ಹತ್ತುತ್ತಿದ್ದಾರೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಎದ್ದು ನಿಂತ ದೊಡ್ಡ ಮನೆ. ಇಡೀ ಮನೆಗೆ ಒಂದೇ ಸೆಂಟ್ರಲ್ ಎ.ಸಿ. ಅದು ತಣ್ಣಗೆ ಮಾಡುತ್ತಿಲ್ಲ. ಇವತ್ತು ಮಧ್ಯಾಹ್ನ ಹಾಲ್‌ನಲ್ಲಿ ಮೊಮ್ಮಗಳು ವೇದಾಳ ನಿಶ್ಚಿತಾರ್ಥ. ಬೀಗರು ಬೆವರಿದರೆ ಎ.ಸಿ.ಯನ್ನೇ ಕಿತ್ತೆಸೆಯುವುದಾಗಿ ಯಜಮಾನರು ಹೇಳಿಬಿಟ್ಟಿದ್ದಾರೆ. ಆ ಬೀದಿಯವರೆಲ್ಲ ಗಯಾಸ್ ಗಿರಾಕಿಗಳೇ; ಅದು ಕಿತ್ತು ಬಂದರೆ ಇವರ ಹೆಸರೂ ಜೊತೆಗೇ ಹೋಗುತ್ತದೆ.

ತೊಂದರೆಯೇ ವಿಚಿತ್ರ. ಗಯಾಸ್ ಬಂದಾಗಲೆಲ್ಲ ಎ.ಸಿ. ಚೆನ್ನಾಗಿಯೇ ಓಡುತ್ತದೆ. ಫಿಲ್ಟರ್ ತೊಳೆದದ್ದಾಯಿತು, ಗ್ಯಾಸ್ ನೋಡಿದ್ದಾಯಿತು. "ನಿನ್ ಮುಂದೆ ಹೊಸ ಸೊಸೆ ಇದ್ದಂಗಿರ್ತೈತೆ ಕಣಪ್ಪ, ನೀನು ಗೇಟ್ ದಾಟಿದ್ರೆ ಬಿದ್ಕೊಂತೈತೆ" ಎಂಬುದು ಯಜಮಾನರ ಹೆಂಡತಿ ಗೌರಮ್ಮನ ದೂರು.

ಕೆಂಪಾಪುರದ ಗಯಾಸ್ ಆರ್.ಟಿ. ನಗರದ ಫ್ಯಾನ್ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವರು. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ತಾರಸಿ ಹತ್ತಿಳಿದು ಮೊಣಕಾಲು ಸವೆದಿದೆ. "ಊರೋರ ಮನೆಯೆಲ್ಲ ತಂಪು. ನಮ್ಮನೇಲಿ ಕರೆಂಟ್ ಹೋದ್ರೆ ನಾನು ಮಲ್ಕಾಗೆ ಪೇಪರ್ ಬೀಸ್ತೀನಿ" ಎಂದು ಹೆಂಡತಿಯನ್ನು ನೆನೆದು ನಗುತ್ತಾರೆ.

ಯಾವಾಗಲೂ ಫೋನ್ ಮಾಡಿ ಬರುವವರು ಇವತ್ತು ಹೇಳದೆ ಬಂದಿದ್ದಾರೆ. ತಾರಸಿಯಲ್ಲಿ ದೊಡ್ಡಮುನಿಯಪ್ಪನವರು ಎ.ಸಿ.ಯ ಹೊರಗಿನ ಪೆಟ್ಟಿಗೆಗೆ ಒದ್ದೆ ಗೋಣಿಚೀಲ ಸುತ್ತಿ, ಹಗ್ಗ ಬಿಗಿದು, ಬಕೆಟ್‌ನಿಂದ ನೀರು ಚಿಮುಕಿಸುತ್ತಿದ್ದಾರೆ!

"ಏನ್ ಯಜಮಾನ್ರೆ ಇದು?"

"ಪಾಪ, ದಿನಾ ಬಿಸ್ಲಲ್ಲಿ ನಿಂತಿರ್ತೈತಲ್ಲಪ್ಪ. ನಮ್ ಎತ್ಗಳಿಗೂ ಇಂಗೇ ಒದ್ದೆ ಚೀಲ ಹೊದಿಸ್ತಿದ್ವಿ."

"ನಾನ್ ಬಂದಾಗ ಯಾವತ್ತೂ ಕಾಣ್ಲಿಲ್ವಲ್ಲ?"

"ಬರ್ತೀನಿ ಅಂತ ಫೋನ್ ಮಾಡ್ತಿದ್ಯಲ್ಲ, ಬಿಚ್ಚಿ ಒರೆಸಿ ಇಡ್ತಿದ್ದೆ. ಮನೆಗೆ ಬರೋರ ಕಣ್ಗೆ ಗೋಣಿಚೀಲ ಬೀಳ್ಬೇಕಾ?"

ಗಯಾಸ್ ನಗು ನುಂಗುತ್ತಾರೆ. "ಇದು ಒಳಗಿನ ಸೆಕೆಯೆಲ್ಲ ಹೊತ್ತು ತಂದು ಇಲ್ಲಿ ಉಗುಳ್ಬೇಕು, ಯಜಮಾನ್ರೆ. ನೀವು ಬಾಯೇ ಕಟ್ಟಿದ್ರೆ ಎಲ್ಲಿಗೆ ಉಗುಳುತ್ತೆ?"

ಯಜಮಾನರು ಮೆಲ್ಲಗೆ ಹಗ್ಗ ಬಿಚ್ಚುತ್ತಾರೆ. "ಗೌರಂಗೆ ಮಾತ್ರ ಯೋಳ್ಬ್ಯಾಡ ಕಣೋ."

"ಇನ್ನೇನ್ ಯೋಳೋದೈತೆ!" ಕಾಫಿ ಲೋಟ ಹಿಡಿದ ಗೌರಮ್ಮ ಬೆನ್ನ ಹಿಂದೆಯೇ ನಿಂತಿದ್ದಾರೆ. "ಅಕ್ಕಿ ಚೀಲ ಎಲ್ಲೋದ್ವು ಅಂತ ಕೆಲಸದೋಳ್ನ ಬೈದೆನಲ್ಲೋ, ಪಾಪಿ!"

ಮಧ್ಯಾಹ್ನ ಹಾಲ್ ತುಂಬ ಜನ. ಊಟ ಮಾಡದೆ ಹೋಗಕೂಡದೆಂದು ಯಜಮಾನರು ಗಯಾಸ್‌ರನ್ನು ಹಿಡಿದಿಟ್ಟಿದ್ದಾರೆ. ಗಯಾಸ್ ಕಣ್ಣು ಬೀಗರ ಹಣೆಗಳ ಮೇಲೇ ಓಡಾಡುತ್ತಿದೆ. ಉಂಗುರ ಬದಲಾಯಿಸುವ ಹೊತ್ತಿಗೆ ಗಂಡಿನ ಅಜ್ಜಿ ನಡುಗುತ್ತ, "ಅದೇನ್ ಚಳಿನಮ್ಮ!" ಎನ್ನುತ್ತಾರೆ. ಗೌರಮ್ಮ ಓಡಿಹೋಗಿ ಶಾಲು ತಂದು ಅವರಿಗೆ ಹೊದಿಸುತ್ತಾರೆ.

"ನಮ್ಮಂಥೋರಿಗೆ ಯಾರ್ ಸನ್ಮಾನ ಮಾಡ್ತಾರೆ ಹೇಳಿ?" ಎನ್ನುತ್ತಾರೆ ಗಯಾಸ್, ಬೀಗರ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುತ್ತ. "ಆ ಅಜ್ಜಿಗೆ ಹೊದಿಸಿದ್ರಲ್ಲ ಶಾಲು, ಅದು ನಂಗೇ ಹೊದಿಸಿದಂಗಾಯ್ತು."